ಸರ್ಕಾರಿ ಶಾಲೆನಾ, ಖಾಸಗಿ ಶಾಲೆನಾ? ಸರಿಯಾಗಿ ಹೋಲಿಸುವುದು ಹೀಗೆ

ಮೊದಲು ಆ ರಿಸಲ್ಟ್ ಬ್ಯಾನರ್ ಮರೆತುಬಿಡಿ. ನೂರಕ್ಕೆ ನೂರು ಅಂತ ಬರೆದಿರುತ್ತಾರೆ, ಸರಿ. ಆದರೆ ಪ್ರವೇಶ ಪರೀಕ್ಷೆ ಇಟ್ಟು, ಫೀಸು ಕಟ್ಟಬಲ್ಲ, ಮನೆಯಲ್ಲಿ ಓದಿಸುವವರಿರುವ ಮಕ್ಕಳನ್ನೇ ಆರಿಸಿಕೊಂಡ ಶಾಲೆಯನ್ನು, ಬಂದ ಯಾವ ಮಗುವನ್ನೂ ವಾಪಸ್ ಕಳಿಸದ ಶಾಲೆಯ ಜೊತೆ ಬರೀ ಅಂಕ ನೋಡಿ ತೂಗಿದರೆ ಅದು ನ್ಯಾಯ ಅಲ್ಲ, ಅಲ್ವಾ?

ಹಲವು ದೇಶಗಳ ಮಕ್ಕಳಿಗೆ ಒಂದೇ ಥರ ನಡೆಸುವ ಪೀಸಾ ಎಂಬ ಪರೀಕ್ಷೆಯಲ್ಲಿ 2018ರಲ್ಲಿ 15 ವರ್ಷದ ಮಕ್ಕಳ ಓದುವ ಸಾಮರ್ಥ್ಯ ಅಳೆದಾಗ, ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ) ದೇಶಗಳ ಸರಾಸರಿಯಲ್ಲಿ ಖಾಸಗಿ ಶಾಲೆಯ ಮಕ್ಕಳೇ ಮುಂದಿದ್ದರು. ಮಗುವಿನ ಮನೆಯ ಸ್ಥಿತಿಗತಿಯನ್ನೂ, ಆ ಶಾಲೆಗೆ ಎಂಥ ಮನೆಗಳ ಮಕ್ಕಳು ಬರುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡಾಗ ಸರ್ಕಾರಿ ಶಾಲೆಯವರು ಮುಂದೆ ಬಂದರು. ಹಾಗಂತ ಎಲ್ಲ ಸರ್ಕಾರಿ ಶಾಲೆಯೂ ಚೆನ್ನಾಗಿದೆ ಅಂತಲ್ಲ. ಟೀಚರೇ ಇಲ್ಲದ ಕ್ಲಾಸಿಗೆ ಈ ಸರಾಸರಿಯಿಂದ ಏನು ಉಪಯೋಗ?

ಪರೀಕ್ಷೆಗೆ ಎಷ್ಟು ಮಕ್ಕಳು ಕೂತರು ಅಂತ ಕೇಳಿದರೆ ಸಾಲದು. ಅದೇ ಬ್ಯಾಚಿನಲ್ಲಿ ಎರಡು ವರ್ಷದ ಹಿಂದೆ ಎಷ್ಟು ಜನ ಇದ್ದರು ಅಂತಲೂ ಕೇಳಿ. ನಡುವೆ ಟಿಸಿ ಕೊಟ್ಟು ಕಳಿಸಿದ ಮಕ್ಕಳು ಬ್ಯಾನರಿನ ಶೇಕಡಾ ಲೆಕ್ಕದಲ್ಲಿ ಇರುವುದಿಲ್ಲ. ಟ್ಯೂಷನ್‌ಗೆ ಎಷ್ಟು ಜನ ಹೋಗುತ್ತಾರೆ ಅಂತ ಪೋಷಕರನ್ನು ವಿಚಾರಿಸಿ. ಅರ್ಧ ಕ್ಲಾಸು ಹೋಗುತ್ತಿದ್ದರೆ ಆ ರಿಸಲ್ಟ್ ಯಾರದ್ದು? ಟೀಚರುಗಳು ವರ್ಷ ವರ್ಷ ಬದಲಾಗುತ್ತಾರಾ, ಅದನ್ನೂ ತಿಳಿದುಕೊಳ್ಳಿ.

ನನ್ನ ಪ್ರಕಾರ ಜಾಸ್ತಿ ಗೊತ್ತಾಗುವುದು ನೋಟ್‌ಬುಕ್ ನೋಡಿದಾಗ. ಶಾಲೆಯವರು ತೋರಿಸುವ ದುಂಡು ಅಕ್ಷರದ ಪುಸ್ತಕ ಬೇಡ, ಅಲ್ಲೇ ಓದುವ ಪರಿಚಯದ ಮಗುವಿನ ಗಣಿತದ ಪುಸ್ತಕ ತೆರೆಯಿರಿ. 1/2 + 1/3 = 2/5 ಅಂತ ಬರೆದಿದೆ ಅಂದುಕೊಳ್ಳಿ. ಕೆಂಪು ಇಂಕಿನಲ್ಲಿ ಸುಮ್ನೆ ತಪ್ಪು ಗುರುತು ಹಾಕಿ, ಕೆಳಗೆ ಬೋರ್ಡ್ ನೋಡಿ ಇಳಿಸಿಕೊಂಡ ಸರಿ ಉತ್ತರ ಮಾತ್ರ ಇದ್ದರೆ ಮಗುವಿಗೆ ಏನೂ ಅರ್ಥ ಆಗಿರಲಿಕ್ಕಿಲ್ಲ. ಛೇದಗಳನ್ನು ಯಾಕೆ ಹಾಗೆ ಕೂಡಬಾರದು ಅಂತ ಟೀಚರ್ ಪಕ್ಕದಲ್ಲೇ ಒಂದು ಚಿತ್ರ ಬಿಡಿಸಿ, ಮರುದಿನ ಅದೇ ಥರದ ಇನ್ನೊಂದು ಲೆಕ್ಕ ಕೊಟ್ಟಿದ್ದರೆ, ಗೋಡೆಗೆ ಬಣ್ಣ ಇಲ್ಲದ ಶಾಲೆಯಾದರೂ ಧೈರ್ಯವಾಗಿ ಸೇರಿಸಿ.

ಮಕ್ಕಳನ್ನು ಆರಿಸಿಕೊಳ್ಳುವ ಪದ್ಧತಿ ಎಲ್ಲ ಕಡೆ ನಡೆಯಲೇಬೇಕು ಅಂತೇನೂ ಇಲ್ಲ. ಸರ್ಕಾರದ ದುಡ್ಡು ಪಡೆಯುವ ಖಾಸಗಿ ಶಾಲೆಗಳು ಹಾಗೆ ಮಾಡದಂತೆ ಚಿಲಿ ದೇಶ 2015ರಲ್ಲಿ ಕಾನೂನು ತಂದಿತು.

ಖಾಸಗಿ ಶಾಲೆಯೇ ಅಂತ ತೀರ್ಮಾನಿಸಿದರೆ ಬಸ್ಸು, ಪುಸ್ತಕ, ಯೂನಿಫಾರ್ಮ್ ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಬರಹದಲ್ಲಿ ಪಡೆಯಿರಿ. ಸರ್ಕಾರಿ ಶಾಲೆ ಆದರೆ ಪೋಷಕರ ಸಭೆಗೆ ತಪ್ಪದೆ ಹೋಗಿ, ಎಷ್ಟು ಹುದ್ದೆ ಖಾಲಿ ಇದೆ, ಯಾವಾಗ ತುಂಬುತ್ತೀರಿ ಅಂತ ನಾಲ್ಕೈದು ಪೋಷಕರು ಸೇರಿ ಅರ್ಜಿ ಕೊಡಿ.