ಮಿರಗ ಮಳಿಗಿಂತ ಮೊದ್ಲು ಫ್ಲೂ ಸೂಜಿ, ಮತ್ತ ಇನ್ಸೂರೆನ್ಸ್‌ನಾಗ ಏನ್ ಬರ್ತದ ಏನ್ ಬರಲ್ಲ

ಹೋದ ವರ್ಷ ಆಗಸ್ಟ್‌ನಾಗ ನಮ್ಮಪ್ಪಗ ನೆಗಡಿ ಅಂತ ಶುರು ಆಗಿದ್ದು ನಾಕ್ ದಿನದಾಗ ನ್ಯುಮೋನಿಯಾ ಆಗಿ ಕಲಬುರಗಿಯ ಒಂದು ದವಾಖಾನ್ಯಾಗ ಆರು ದಿನ ಅಡ್ಮಿಟ್ ಮಾಡಬೇಕಾಯ್ತು, ವಯಸ್ಸು 67, ಶುಗರ್ ಬ್ಯಾರೆ ಅದ. ಅಡ್ಮಿಟ್ ಬಿಲ್ ಇನ್ಸೂರೆನ್ಸ್‌ನಾಗ ಬಂತು. ಮುಂದ ಆರಾಮ ಆದ ಮ್ಯಾಲ ಡಾಕ್ಟರ್ ಬರೆದುಕೊಟ್ಟ ಫ್ಲೂ ಸೂಜಿ, ನ್ಯುಮೋನಿಯಾ ಸೂಜಿ ಹಾಕಿಸಿ ಆ ಬಿಲ್ಲೂ ಕಳಿಸಿದ್ರ ಅದು ಮಾತ್ರ ರಿಜೆಕ್ಟ್. ಪಾಲಿಸಿ ಮಾಡಿಸೋ ಮುಂದ ಏಜೆಂಟ್ "ಎಲ್ಲಾ ಕವರ್ ಆಗ್ತದ್ರೀ" ಅಂದಿದ್ದ. ಆಮ್ಯಾಲ ಕುಂತು ಪಾಲಿಸಿ ಪೇಪರ್ ಪೂರಾ ಓದಿ, ಡಾಕ್ಟರ್‌ಗೂ ಕೇಳಿ ತಿಳ್ಕೊಂಡಿದ್ದು ಇಲ್ಲಿ ಬರೀಲಕತ್ತೀನಿ, ಮನ್ಯಾಗ ವಯಸ್ಸಾದವ್ರು ಇದ್ದವ್ರು ಇದನ್ನ ಬಿಡಬ್ಯಾಡ್ರಿ.

ಮೊದ್ಲು ಟೈಮ್. ನಮ್ ದೇಶದಾಗ ಫ್ಲೂ ವರ್ಷಕ್ಕ ಎರಡು ಸಲ ಏರ್ತದ, ಒಂದು ಮಳಿಗಾಲದಾಗ, ಇನ್ನೊಂದು ಜನವರಿಯಿಂದ ಮಾರ್ಚ್ ಒಳಗ. ಸೂಜಿ ಹಾಕಿಸಿದ ಮ್ಯಾಲ ಮೈಯಾಗ ಶಕ್ತಿ ತಯಾರಾಗ್ಲಿಕ್ಕ ಸುಮಾರು ಎರಡು ವಾರ ಬೇಕು, ಅಂದ್ರ ಜೂನ್ ಮೊದಲ ವಾರ ಮಿರಗ ಕೂಡ್ತದ ಅಂದ್ರ ಮೇ ತಿಂಗಳದಾಗೇ ಮುಗಿಸಿರಬೇಕು. ತಪ್ಪಿತು ಅಂದ್ರ ಜುಲೈದಾಗ ಹಾಕಿಸಿದ್ರೂ ಉಪಯೋಗ ಅದ, ಸುಮ್ನ ಕೂಡಬ್ಯಾಡ್ರಿ. ಪ್ರತಿ ವರ್ಷ ಹಾಕಿಸಬೇಕು, ಯಾಕಂದ್ರ ವೈರಸ್ ಬದಲಾಗ್ತಿರ್ತದ, ಡಬ್ಲ್ಯುಎಚ್‌ಒದವ್ರು ವರ್ಷಕ್ಕ ಎರಡು ಸಲ, ಫೆಬ್ರವರಿಗೆ ಒಮ್ಮೆ ಸೆಪ್ಟೆಂಬರ್‌ಗೆ ಒಮ್ಮೆ, ಯಾವ ತಳಿ ಹಾಕಬೇಕು ಅಂತ ಹೇಳ್ತಾರ, ಕಂಪನಿಗಳು ಹಂಗೇ ಮಾಡ್ತಾವ.

ಇಲ್ಲೇ ಭಾಳ ಜನ ಎಡವೋದು. ಮೆಡಿಕಲ್‌ದಾಗ ಬಾಕ್ಸ್ ಕೈಯಾಗ ತಗೊಂಡು ನೋಡ್ರಿ, ಅದರ ಮ್ಯಾಲ 2026 ಅಂತ ಒಂದೇ ವರ್ಷ ಇತ್ತಂದ್ರ ಅದು ಸದರ್ನ್ ಹೆಮಿಸ್ಫಿಯರ್‌ದು, ಅಂದ್ರ ಭೂಮಿಯ ದಕ್ಷಿಣ ಅರ್ಧಕ್ಕ ಮಾಡಿದ್ದು, 2025/2026 ಅಂತ ಎರಡು ವರ್ಷ ಇದ್ರ ನಾರ್ದರ್ನ್, ಉತ್ತರ ಅರ್ಧದ್ದು. ಮೇ ತಿಂಗಳದಾಗ ಹೋದ್ರ ಆ ವರ್ಷದ ಸದರ್ನ್ ಕೇಳ್ರಿ, ಆಗ ಅದೇ ಹೊಸದು ಇರ್ತದ, ಎಕ್ಸ್‌ಪೈರಿ ಹತ್ತಿರ ಬಂದ ಹಳೇ ಸ್ಟಾಕ್ ಇದ್ರ ಬ್ಯಾಡ ಅನ್ರಿ. ಮೂರು ತಳಿದು, ನಾಕು ತಳಿದು ಅಂತ ತಲಿ ಕೆಡಿಸ್ಕೋಬ್ಯಾಡ್ರಿ, ನಾಕನೇದು ಅಂದ್ರ ಬಿ ಯಮಗಾಟಾ ಅನ್ನೋ ತಳಿ 2020ರ ಮಾರ್ಚ್ ಆದ ಮ್ಯಾಲ ಎಲ್ಲೂ ಪಕ್ಕಾ ಸಿಕ್ಕಿಲ್ಲ, ಅದಕ್ಕ ಮೂರರದ್ದೂ ಛಲೋನೇ.

ನಮ್ ಕಡಿ ಇನ್ನೊಂದು ದೊಡ್ಡ ಮಾತು ಬಿಸಿಲಿಂದು. ಈ ಸೂಜಿ 2ರಿಂದ 8 ಡಿಗ್ರಿ ಒಳಗೇ ಇರಬೇಕು, ಹೊರಗ ನೋಡಿದ್ರ ಮೇ ತಿಂಗಳದಾಗ 42, 43. ಮೆಡಿಕಲ್‌ದಾಗ ತಗೊಂಡು ಪ್ಲಾಸ್ಟಿಕ್ ಚೀಲದಾಗ ಬೈಕಿಗೆ ತೂಗಹಾಕಿ ಸೂಪರ್ ಮಾರ್ಕೆಟ್ ಸುತ್ತಿ ಕ್ಲಿನಿಕ್‌ಗೆ ಹೋದ್ರ ರೊಕ್ಕ ನೀರಿಗೆ ಹಾಕಿದಂಗ. ಸೂಜಿ ಇಟ್ಟಿರೋ ದವಾಖಾನ್ಯಾಗೇ ಹಾಕಿಸ್ರಿ, ಇಲ್ಲಂದ್ರ ಥರ್ಮಸ್‌ನಾಗ ಐಸ್‌ಪ್ಯಾಕ್ ಇಟ್ಟು ನಡುವ ಬಟ್ಟಿ ಸುತ್ತಿ ಒಯ್ರಿ, ಐಸಿಗೆ ನೇರ ತಾಗಿ ಗಡ್ಡಿ ಕಟ್ಟಿದ್ರೂ ಕೆಡ್ತದ. ಕರೆಂಟ್ ಹೋದ್ರ ಫ್ರಿಜ್‌ಗೆ ಬ್ಯಾಕಪ್ ಅದ ಏನು ಅಂತ ನಾಚದೇ ಕೇಳ್ರಿ.

ಯಾರಿಗೆ ಮೊದ್ಲು ಅಂದ್ರ 60, 65 ದಾಟಿದವ್ರಿಗೆ, ಶುಗರ್, ದಮ್ಮು, ಹಾರ್ಟ್, ಕಿಡ್ನಿ ತ್ರಾಸ ಇದ್ದವ್ರಿಗೆ, ಬಸಿರ ಇದ್ದ ಹೆಣ್ಮಕ್ಕಳಿಗೆ. ಸೂಜಿ ಹಾಕಿಸಿದ್ರೂ ನೆಗಡಿ ಬರಬಹುದು, ಆದ್ರ ದವಾಖಾನಿ ಸೇರೋ ಮಟ್ಟಕ್ಕ ಹೋಗೋದು ಕಡಿಮಿ ಆಗ್ತದ, ಅದೇ ಮುಖ್ಯ. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಇರ್ತದ, ಅದು ಫ್ಲೂ ಅಲ್ಲ, ಈ ಸೂಜಿದಾಗ ಜೀವಂತ ವೈರಸ್ ಇರಲ್ಲ. ಹಿಂದ ಯಾವುದಾದ್ರೂ ಲಸಿಕಿಗೆ ಜೋರ ಅಲರ್ಜಿ ಆಗಿದ್ರ ಮೊದ್ಲೇ ಹೇಳ್ರಿ. ನ್ಯುಮೋನಿಯಾ ಸೂಜಿ ವರ್ಷವರ್ಷ ಅಲ್ಲ, ಅದರಾಗ ಪಿಸಿವಿ 20 ಅನ್ನೋ ನಮೂನಿ ಸಿಕ್ರ ಸಾಮಾನ್ಯವಾಗಿ ಒಂದೇ ಡೋಸ್, ಪಿಸಿವಿ 13 ಅನ್ನೋದು ಹಾಕಿಸಿದ್ರ ವರ್ಷ ಬಿಟ್ಟು ಪಿಪಿಎಸ್‌ವಿ 23 ಅನ್ನೋ ಇನ್ನೊಂದು ಸೂಜಿ. 50 ದಾಟಿದವ್ರಿಗೆ ಸರ್ಪಸುತ್ತಿನ ಲಸಿಕಿ ಎರಡು ಡೋಸ್, ಭಾಳ ತುಟ್ಟಿ. ಹಜ್‌ಗೆ ಹೋಗವ್ರಿಗೆ ಮೆನಿಂಜೈಟಿಸ್ ಲಸಿಕಿ ಕಡ್ಡಾಯ, ಹೊರಡೋದಕ್ಕ 10 ದಿನ ಮೊದ್ಲೇ ಆಗಿರಬೇಕು.

ಈಗ ಇನ್ಸೂರೆನ್ಸ್. ನಮ್ಮ ಮಾಮೂಲಿ ಹೆಲ್ತ್ ಪಾಲಿಸಿ ಅಡ್ಮಿಟ್ ಆದ್ರ ರೊಕ್ಕ ಕೊಡೋದು, ಸೂಜಿ ಒಪಿಡಿ ಖರ್ಚು, ಅಂದ್ರ ಅಡ್ಮಿಟ್ ಆಗದೇ ಆಗೋ ಖರ್ಚು. ಪಾಲಿಸಿದಾಗ ಏನು ಸೇರಲ್ಲ ಅನ್ನೋ ಪಟ್ಟಿ ತೆಗೀರಿ, ಭಾಳ ಪಾಲಿಸಿದಾಗ ವ್ಯಾಕ್ಸಿನೇಷನ್ ಅಲ್ಲೇ ಇರ್ತದ, ಪ್ರಾಣಿ ಕಚ್ಚಿದ್ರ ಹಾಕಿಸೋದು ಬಿಟ್ಟು ಅಂತ ಬಾಜೂಕ ಬರೆದಿರ್ತಾರ. ನಾಯಿ ಕಚ್ಚಿದ ಸೂಜಿ ಸರ್ಕಾರಿ ದವಾಖಾನ್ಯಾಗ ಪುಕ್ಕಟೆ ಇರೋದ್ರಿಂದ ಮೊದ್ಲು ಗಾಯ ಸಾಬೂನಿಂದ 15 ನಿಮಿಷ ತೊಳೆದು ಅಲ್ಲಿಗೇ ಓಡ್ರಿ. ಅಷ್ಟು ದಪ್ಪ ಪಾಲಿಸಿ ಓದಾಕ ಆಗಲ್ಲ ಅಂದ್ರ ಪಾಲಿಸಿ ಸಾರಾಂಶ ಇರೋ ಕಸ್ಟಮರ್ ಇನ್ಫರ್ಮೇಷನ್ ಶೀಟ್ ಕೇಳ್ರಿ, 2024ರ ಜನವರಿಯಿಂದ ಕಂಪನಿ ಕೊಡಲೇಬೇಕು, ಕನ್ನಡದಾಗ ಬೇಕು ಅಂತನೂ ಕೇಳಬಹುದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್‌ನಾಗ ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷ ತನಕ ಅದ ಖರೆ, ಆದ್ರ ಅದು ಚಿಕಿತ್ಸಿಗೆ, ಫ್ಲೂ ಸೂಜಿಗೆ ಅಲ್ಲ. ಸೇಡಂ ಕಡಿ ಫ್ಯಾಕ್ಟರ್ಯಾಗ ಇಎಸ್‌ಐ ಕಟ್ಟೋ ಮಂದಿ ಇಎಸ್‌ಐ ದವಾಖಾನ್ಯಾಗ ಒಮ್ಮೆ ಕೇಳಿ ನೋಡ್ರಿ, ಕಂಪನಿ ಗ್ರೂಪ್ ಪಾಲಿಸಿ ಇದ್ದವ್ರು ಎಚ್‌ಆರ್‌ಗೆ ಕೇಳ್ರಿ. ಕೆಲವು ಪಾಲಿಸಿಗೆ ಒಪಿಡಿ ರೈಡರ್, ಅಂದ್ರ ಬ್ಯಾರೆ ರೊಕ್ಕ ಕಟ್ಟಿ ಸೇರಿಸ್ಕೊಳ್ಳೋ ಕವರ್, ಸಿಗ್ತದ, ಅದನ್ನ ತಗೊಳ್ಳೋ ಮೊದ್ಲು ಏಜೆಂಟ್‌ಗೆ ಬಾಯಿ ಮಾತಿಲೆ ಅಲ್ಲ, ಮೇಲ್ ಅಥವಾ ವಾಟ್ಸಪ್‌ನಾಗ ಮೂರು ಮಾತು ಬರೆಸ್ಕೋರಿ: ದೊಡ್ಡವ್ರ ಲಸಿಕಿ ಅದರಾಗ ಬರ್ತದ ಇಲ್ಲ, ವರ್ಷಕ್ಕ ಎಷ್ಟು ತನಕ, ಅವರದೇ ನೆಟ್‌ವರ್ಕ್ ಕ್ಲಿನಿಕ್‌ನಾಗೇ ಹಾಕಿಸಬೇಕು ಏನು. ನೆಟ್‌ವರ್ಕ್ ಕ್ಲಿನಿಕ್ ಯಾದಗಿರಿದಾಗ ಒಂದೂ ಇಲ್ಲದೇ ಹೈದರಾಬಾದ್‌ಗೆ ಹೋಗಬೇಕು ಅಂದ್ರ ಆ ರೈಡರ್ ತಗೊಂಡು ಏನ್ ಮಾಡ್ತೀರಿ. ಲೆಕ್ಕನೂ ಹಾಕ್ರಿ, ಫ್ಲೂ ಸೂಜಿ ಒಂದಕ್ಕ ಸಾವಿರದ ಮ್ಯಾಲ ಆಗ್ತದ, ರೈಡರ್ ಪ್ರೀಮಿಯಂ ಅದಕ್ಕಿಂತ ಜಾಸ್ತಿ ಇದ್ರ ತಿಂಗಳಿಗೆ ಇನ್ನೂರು ರೂಪಾಯಿ ಬಾಜೂಕ ಇಡೋದೇ ಛಲೋ, ನಾವು ಈಗ ಹಂಗೇ ಮಾಡ್ತೀವಿ.

ರೈಡರ್ ಇದ್ದವ್ರು ಡಾಕ್ಟರ್ ಚೀಟಿ, ಬ್ಯಾಚ್ ನಂಬರ್ ಇರೋ ಬಿಲ್, ಫೋನ್‌ಪೇ ಮಾಡಿದ ಸ್ಕ್ರೀನ್‌ಶಾಟ್ ಮೂರೂ ಇಟ್ಕೋರಿ. ಕವರ್ ಅಂತ ಬರೆದಿದ್ರೂ ಕೊಡಲಿಲ್ಲ ಅಂದ್ರ ಮೊದ್ಲು ಕಂಪನಿಗೆ ಲಿಖಿತ ದೂರು, ಆಮ್ಯಾಲ ಆನ್‌ಲೈನ್ ದೂರು ಕೊಡೋ ಬಿಮಾ ಭರೋಸಾ ಪೋರ್ಟಲ್, ಅಲ್ಲೂ ಆಗಲಿಲ್ಲ ಅಂದ್ರ ಇಂಥ ತಕರಾರು ಬಗೆಹರಿಸೋ ಬೆಂಗಳೂರಿನ ಇನ್ಸೂರೆನ್ಸ್ ಓಂಬುಡ್ಸ್‌ಮನ್, ಅವರು ಫೀಸ್ ತಗೊಳ್ಳಲ್ಲ, ವಕೀಲರೂ ಬೇಕಾಗಿಲ್ಲ.