ಡೋಣಿ ಸಾಲಿನಲ್ಲಿ ಗುಲಾಬಿ ಕಬ್ಬಕ್ಕಿ ಎಣಿಸುವುದು

ವಿಜಯಪುರದ ಡೋಣಿ ಹೊಳೆಸಾಲಿನ ಎರಿ (ಕರಿ ಮಣ್ಣಿನ) ಹೊಲಗಳಲ್ಲಿ ಹಿಂಗಾರಿ ಜೋಳ ಸೀತನಿ (ಸುಟ್ಟು ತಿನ್ನುವ ಎಳೆಗಾಳು) ಹದಕ್ಕೆ ಬಂದರೆ ವಲಸೆ ಹಕ್ಕಿ ಗುಲಾಬಿ ಕಬ್ಬಕ್ಕಿ ಹಿಂಡುಗಟ್ಟಿ ಇಳಿಯುತ್ತದೆ. ಹಗಲಲ್ಲಿ, ಹೊಲದಲ್ಲಿ ಇವನ್ನು ನಾನು ಎಣಿಸುವುದಿಲ್ಲ. ಅರ್ಧ ಹಿಂಡು ತೆನೆಯ ಮರೆಯಲ್ಲಿರುತ್ತದೆ; ಅಟ್ಟಣಿಗೆ ಮೇಲಿಂದ ಕವಣೆ ಬೀಸಿದ ಕೂಡಲೇ ಪಕ್ಕದ ಹೊಲಕ್ಕೆ ಹಾರಿ ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ. ಎಣಿಕೆ ಏನಿದ್ದರೂ ಸಂಜೆ, ರಾತ್ರಿ ತಂಗುವ ಜಾಲಿ ಕಂಟಿಯ ಹತ್ತಿರ.

ಯಾವ ದಿಕ್ಕಿನಿಂದ ಬರುತ್ತವೆ ಎಂದು ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳುತ್ತೇನೆ. ಹೊತ್ತು ಮುಳುಗುವ ಒಂದು ತಾಸು ಮೊದಲು, ಕಂಟಿಯಿಂದ 150–200 ಮೀಟರ್ ದೂರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ಕೂಡಬೇಕು. ಎದುರು ಬಿಸಿಲಾದರೆ ಎಲ್ಲ ಹಕ್ಕಿಯೂ ಕರಿ ಚುಕ್ಕೆಯೇ. ಎರಡು ಕಂಬಗಳ ನಡುವೆ ಗೆರೆ ಇದೆ ಎಂದುಕೊಂಡು, ಅದನ್ನು ದಾಟಿ ಒಳಬಂದ ಸಾಲುಗಳನ್ನಷ್ಟೇ ಎಣಿಸುತ್ತೇನೆ. ಮೊದಲ ಹತ್ತನ್ನು ಒಂದೊಂದಾಗಿ ಎಣಿಸಿ, ಹತ್ತು ಹಕ್ಕಿ ಎಷ್ಟಗಲ ಕಾಣುತ್ತವೆ ಎಂದು ಕಣ್ಣಿಗೆ ರೂಢಿ ಮಾಡಿಕೊಂಡು, ಆಮೇಲೆ ಹತ್ತರ ಗುಂಪಿಗೊಂದು ಗೀಟು. ಐದೈದು ನಿಮಿಷಕ್ಕೆ ಹೊಸ ಸಾಲು.

ತಪ್ಪುವುದು ಹೆಚ್ಚಾಗಿ ಎರಡು ಕಡೆ. ಕರೆಂಟ್ ತಂತಿ, ಆಲದ ಮರದ ಮೇಲೆ ಮೊದಲು ಸೇರಿ ಆಮೇಲೆ ಕಂಟಿಗೆ ಬರುವವನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಎಣಿಸುವುದು ಒಂದು. ಇನ್ನೊಂದು, ಮುಗಿಲಲ್ಲಿ ಸುತ್ತುವ ದಟ್ಟ ಹಿಂಡನ್ನು ಅಂದಾಜಿಸುವುದು. ಕಣ್ಣು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತದೆ. ಅದರ ಫೋಟೊ ತೆಗೆದು, ಚೌಕ ಹಾಕಿ, ಹಕ್ಕಿಗೊಂದು ಚುಕ್ಕೆ ಇಟ್ಟು ಎಣಿಸಿದರೆ ನಮ್ಮ ಅಂದಾಜು ಎಷ್ಟು ತಪ್ಪುತ್ತದೆ ಎಂದು ಗೊತ್ತಾಗುತ್ತದೆ.

ಜತೆಗೆ ಗೊರವಂಕವೂ ಬರುತ್ತದೆ. ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಹೊಳೆದರೆ ಅದು ಗೊರವಂಕ. ಮಣ್ಣುಬಣ್ಣದ ಮೈ, ಹಳದಿ ಕೊಕ್ಕು ಇದ್ದದ್ದು ಗುಲಾಬಿ ಕಬ್ಬಕ್ಕಿಯದೇ ಎಳೆಯ ಹಕ್ಕಿ. ಬೇರೆ ಜಾತಿ ಎಂದು ಬಿಡಬಾರದು. ಚಳಿಗಾಲದಲ್ಲಿ ದೊಡ್ಡವೂ ಮಂಕಾಗಿರುತ್ತವೆ. ಗರಿಯಂಚಿನ ಕಂದು ಸವೆದಂತೆ ಒಳಗಿನ ಗುಲಾಬಿ ಮೇಲೆ ಬರುತ್ತದೆ, ಅದಕ್ಕೆ ಹೊಸ ಗರಿ ಮೂಡಬೇಕಿಲ್ಲ. ಮುತ್ತುಗ ಹೂಬಿಟ್ಟಾಗ ಮಕರಂದಕ್ಕೆ ಬರುವ ಹಕ್ಕಿಯನ್ನು ಹತ್ತಿರದಿಂದ ನೋಡಿ: ಕರಿ ಜುಟ್ಟಿನ ಬುಡಕ್ಕೆ ಪರಾಗದ ಹಳದಿ ಪುಡಿ ಅಂಟಿರುತ್ತದೆ.

ರೈತರ ಸಿಟ್ಟು ಸುಳ್ಳಲ್ಲ, ಹಾಲುಗಾಳು ತಿನ್ನುತ್ತವೆ. ಮಿಡತೆ, ಕೀಡಿಗಳನ್ನೂ ತಿನ್ನುತ್ತವೆ. ಕಜಕಸ್ತಾನದ ಹುಲ್ಲುಬಯಲಲ್ಲಿ ಇವು ಕಲ್ಲುರಾಶಿಗಳ ಸಂದಿಯಲ್ಲಿ ಗುಂಪಾಗಿ ಗೂಡು ಮಾಡುವುದು ಮಿಡತೆ ಹೆಚ್ಚುವ ಕಾಲಕ್ಕೇ. ಹಾಗಾಗಿ ಎಣಿಕೆಯ ಪಕ್ಕದಲ್ಲಿ ಆ ದಿನ ಏನು ತಿನ್ನುತ್ತಿದ್ದವು ಎಂಬುದನ್ನೂ ಬರೆಯುತ್ತೇನೆ.

ಏಪ್ರಿಲ್ ಮುಗಿಯುವವರೆಗೂ ವಾರಕ್ಕೊಮ್ಮೆ ಹೋಗಿ, ಕಂಟಿ ಖಾಲಿ ಇದ್ದರೆ 0 ಎಂದೇ ಬರೆಯುತ್ತೇನೆ. ಯಾವ ವಾರ ಹೊರಟವು ಎಂಬುದು ಆ 0 ಇಲ್ಲದೆ ತಿಳಿಯದು.