ಬೇಳೆ ಬೇಯದ ನೀರಲ್ಲಿ ಯೆಲ್ಲೋ ಲ್ಯಾಬ್ ಮರಿ

"ಈ ನೀರಲ್ಲಿ ಬೇಳೆನೇ ಬೇಯಲ್ಲ, ನಿನ್ನ ಮೀನು ಬದುಕುತ್ತಾ?" ಅಂದಿದ್ದರು ಅಮ್ಮ. ಅಂಗಡಿಯವರು ಹೇಳಿದ್ದೂ ಅದೇ, "ಬೋರ್ ನೀರಾ? ಬೇಡ ಸಾರ್, ದುಡ್ಡು ದಂಡ." ಡಿಸ್ಕಸ್ ಅನ್ನೋ ಮೆದು ನೀರಿನ ಮೀನು ಸಾಕುವ ನನ್ನ ಗೆಳೆಯನಂತೂ, ನೀರಿನ ಉಪ್ಪು ತೆಗೆಯುವ ಆರ್‌ಒ ಇಲ್ಲದೆ ನೀನು ಆಫ್ರಿಕನ್ ಸಿಕ್ಲಿಡ್ ಮೀನು ಮರಿ ಮಾಡಿಸಿದರೆ ಅರ್ಧ ಮೀಸೆ ಬೋಳಿಸುತ್ತೇನೆ ಅಂದಿದ್ದ. ಎರಡೂವರೆ ವರ್ಷದಲ್ಲಿ ನಮ್ಮನೆಯಿಂದ ಹೊರಗೆ ಹೋಗಿರುವ ಯೆಲ್ಲೋ ಲ್ಯಾಬ್ ಅನ್ನೋ ಹಳದಿ ಸಿಕ್ಲಿಡ್ ಮರಿ ಸುಮಾರು 400, ಪೀಕಾಕ್ ಅನ್ನೋ ಬಣ್ಣದ ಸಿಕ್ಲಿಡ್ ಒಂದು 60-70. ಅವನ ಮೀಸೆ ಮಾತ್ರ ಇನ್ನೂ ಪೂರ್ತಿ ಇದೆ.

ನಮ್ಮದು ಬೆಂಗಳೂರಿನ ಪಶ್ಚಿಮದ ಕಡೆ ಹಳೇ ಮನೆ. ಎರಡು ನಲ್ಲಿ. ಕಾವೇರಿ ದಿನ ಬಿಟ್ಟು ದಿನ ಬರುತ್ತದೆ, ಅದು ಅಡುಗೆಗೆ. ಬೋರ್ ಮಿಕ್ಕಿದ್ದಕ್ಕೆಲ್ಲ. ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿದ ಉಪ್ಪಿನಂಶ, 740. ಸೋಪು ನೊರೆ ಬರಲ್ಲ, ಸ್ಟೀಲ್ ಬಕೆಟ್ ಮೇಲೆ ಬಿಳಿ ಪೊರೆ, ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗುತ್ತದೆ. ಇಂಥ ನೀರು ನೋಡಿಯೇ ನನಗೆ ಅನ್ನಿಸಿದ್ದು, ಸುಮ್ನೆ ಗಪ್ಪಿ, ಟೆಟ್ರಾ ಅಂತ ಒದ್ದಾಡುವ ಬದಲು ಗಡಸು ನೀರನ್ನೇ ಕೇಳುವ ಮೀನು ಸಾಕಬಾರದೇಕೆ ಅಂತ.

ಮೊದಲ ಸಲ ಬೋರ್ ನಲ್ಲಿಯಿಂದ ಹಿಡಿದ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ನೋಡಿದೆ. 7ರ ಹತ್ತಿರ ಬಂತು. ನನ್ನ ಮೀನುಗಳ ಮೂಲ ಆಫ್ರಿಕಾದ ಮಲಾವಿ ಸರೋವರ, ಅವಕ್ಕೆ 8ರ ಆಸುಪಾಸು ಬೇಕಲ್ಲ, ಸರಿ, ಅಡುಗೆ ಸೋಡಾ ಸುರಿದೆ. ಮರುದಿನ ನೋಡಿದರೆ 8.8. ಇದ್ದ ಎಂಟು ಮೀನಲ್ಲಿ ಮೂರು ಮೇಲೆ ತೇಲುತ್ತಿದ್ದವು. ಆಮೇಲೆ ಗೊತ್ತಾಯಿತು, ನೆಲದಡಿಯ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಅದಕ್ಕೇ ನಲ್ಲಿಯಲ್ಲಿ ಪಿಎಚ್ ಕಡಿಮೆ ತೋರಿಸುತ್ತದೆ. ಡ್ರಮ್ಮಿಗೆ ತುಂಬಿ ಏರ್ ಸ್ಟೋನ್ ಬಿಟ್ಟು ಒಂದು ರಾತ್ರಿ ಇಟ್ಟರೆ ಬೆಳಗ್ಗೆ ತಾನಾಗೇ 8.1. ಸೋಡಾನೂ ಬೇಡ, ಅಂಗಡಿಯಲ್ಲಿ ಡಬ್ಬಿಗೆ ಸಾವಿರಗಟ್ಟಲೆ ಕೊಟ್ಟು ತರುವ ಸಿಕ್ಲಿಡ್ ಉಪ್ಪೂ ಬೇಡ. ಇಷ್ಟು ತಿಳಿಯೋಕೆ ಮೂರು ಮೀನು ಹೋದವು.

ಆದರೆ ಬೇಡ ಅಂದವರ ಮಾತಲ್ಲಿ ಅರ್ಧ ನಿಜ ಇತ್ತು, ಅದನ್ನೂ ಒಪ್ಪಬೇಕು. ಮಲಾವಿ ಸರೋವರದ ನೀರಿಗೆ ಪಿಎಚ್ ಜಾಸ್ತಿಯೇ ಹೊರತು ನಮ್ಮ ಬೋರ್‌ನಷ್ಟು ಉಪ್ಪಲ್ಲ. ಅಲ್ಲಿ ಟಿಡಿಎಸ್ 200ರ ಅಕ್ಕಪಕ್ಕ. ಬರೀ ಬೋರ್ ನೀರಲ್ಲಿ ನನ್ನ ದೊಡ್ಡ ಮೀನುಗಳು ಆರಾಮಾಗಿದ್ದವು, ಮೊಟ್ಟೆನೂ ಇಟ್ಟವು, ಆದರೆ ಮೂರು ಸಲ ಸತತವಾಗಿ ಮೊಟ್ಟೆ ಬೆಳ್ಳಗಾಗಿ ಕೆಟ್ಟಿತು. ಆಗ ಮೂರು ಬಕೆಟ್ ಬೋರ್, ಎರಡು ಬಕೆಟ್ ಕಾವೇರಿ ಅಂತ ಬೆರೆಸಲು ಶುರು ಮಾಡಿದೆ. ಕಾವೇರಿಯಲ್ಲಿ ಕ್ಲೋರಿನ್ ಇರುತ್ತದೆ, ಡ್ರಮ್ಮಲ್ಲಿ ಒಂದು ರಾತ್ರಿ ಗಾಳಿ ಆಡಿದರೆ ಹೋಗುತ್ತದೆ, ಆದರೂ ಆಂಟಿ ಕ್ಲೋರಿನ್ ನಾಲ್ಕು ಹನಿ ಹಾಕುತ್ತೇನೆ. ಮಿಶ್ರಣದ ಟಿಡಿಎಸ್ 500ರಿಂದ 550. ಅಲ್ಲಿಂದ ನನ್ನ ಬೇಳೆ ಬೇಯತೊಡಗಿತು.

ಟ್ಯಾಂಕ್ ನಾಲ್ಕಡಿ, ಒಂದೂವರೆ, ಒಂದೂವರೆ, ಅಂದರೆ 250 ಲೀಟರ್. ಸ್ಟ್ಯಾಂಡ್ ಸೇರಿ 12 ಸಾವಿರ ಇರಬೇಕು. ಕ್ಯಾನಿಸ್ಟರ್ ಫಿಲ್ಟರ್ 6 ಸಾವಿರ, ಜೊತೆಗೆ ಎರಡು ಸ್ಪಾಂಜ್ ಫಿಲ್ಟರ್. ಕಲ್ಲಿಗೆ ಮಾತ್ರ ಒಂದು ಪೈಸೆ ಖರ್ಚಿಲ್ಲ. ಪಕ್ಕದ ರಸ್ತೆಯಲ್ಲಿ ಹಳೇ ಮನೆ ಒಡೆಯುತ್ತಿದ್ದರು, ನೆಲದ ಶಹಾಬಾದ್ ಕಲ್ಲು ಒಂದು ಆಟೋ ತುಂಬ ಸಿಕ್ಕಿತು. ಕಲಬುರಗಿ ಕಡೆಯ ಆ ಕಲ್ಲು ಸುಣ್ಣದ ಕಲ್ಲೇ. ನಿಂಬೆರಸ ಹಿಂಡಿದರೆ ಸಣ್ಣಗೆ ಗುಳ್ಳೆ ಏಳುತ್ತದೆ. ಪಿಎಚ್ ಕೆಳಗಿಳಿಯದ ಹಾಗೆ ಹಿಡಿಯಲು ಇದಕ್ಕಿಂತ ಅಗ್ಗದ್ದು ಇನ್ನೇನು ಬೇಕು?

ಆ ಬಿಟ್ಟಿ ಕಲ್ಲೇ ನನಗೆ ದುಬಾರಿಯಾಗಿದ್ದು ಬೇರೆ ಕಥೆ. ಮರಳು ಹಾಸಿ ಅದರ ಮೇಲೆ ಕಲ್ಲು ಜೋಡಿಸಿದ್ದೆ. ನಿಮಗೆ ಗೊತ್ತಿರುತ್ತದೆ, ಇವು ತೋಡುವ ಮೀನು. ಒಂದು ರಾತ್ರಿ ಎರಡು ಗಂಟೆಗೆ ಧಡ್ ಅಂತ ಸದ್ದು. ಮೇಲಿನ ಚಪ್ಪಡಿ ಜಾರಿ ಮುಂದಿನ ಗಾಜಿನ ಮೂಲೆಗೆ ಬಡಿದು ಬಿರುಕು ಬಿಟ್ಟಿತ್ತು. ಹಾಲ್ ತುಂಬ ನೀರು, ಸೋಫಾ ಕೆಳಗೆ ನೀರು, ಹೆಂಡತಿ ಚಾಪೆ ಮಡಿಸುತ್ತಾ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಮೀನೆಲ್ಲ ಬೆಳಗಿನವರೆಗೆ ಬಟ್ಟೆ ನೆನೆಸುವ ಟಬ್ಬಲ್ಲಿ. ಹೊಸ ಗಾಜು, ಸಿಲಿಕಾನ್, ಕೂಲಿ ಸೇರಿ 2,800. ಈಗ ಮೊದಲು ಗಾಜಿನ ಮೇಲೆ ತೆಳು ಥರ್ಮಾಕೋಲ್, ಅದರ ಮೇಲೆ ಕಲ್ಲು, ಕೊನೆಗೆ ಮರಳು.

ಹೋಲ್ಡಿಂಗ್ ಹೆಣ್ಣನ್ನು, ಅಂದರೆ ಮೊಟ್ಟೆ ಬಾಯಲ್ಲಿಟ್ಟುಕೊಂಡು ಕಾಯುವ ಹೆಣ್ಣನ್ನು, ಗುರುತಿಸುವುದು ಸುಲಭ, ಗಂಟಲು ಉಬ್ಬಿರುತ್ತದೆ, ಊಟಕ್ಕೆ ಬರಲ್ಲ, ಕಲ್ಲಿನ ಹಿಂದೆ ನಿಂತಿರುತ್ತದೆ. ಎಡವುವುದು ಆಮೇಲೆ. ಮೊದಲ ಸಲದ ತಾಯಂದಿರು ನಾಲ್ಕೈದು ದಿನಕ್ಕೆ ಮೊಟ್ಟೆ ನುಂಗಿಬಿಟ್ಟರು. ಹಾಗಾಗಿ ಬೇಗನೇ ಸ್ಟ್ರಿಪ್ ಮಾಡಿ, ಅಂದರೆ ಬಾಯಿಂದ ಮೊಟ್ಟೆ ಬಿಡಿಸಿ, ಟಂಬ್ಲರ್‌ಗೆ ಹಾಕಿದೆ. ಟಂಬ್ಲರ್ ಅಂದರೆ ಗಾಳಿ ಬಿಟ್ಟು ಮೊಟ್ಟೆ ಉರುಳಾಡಿಸುವ ಡಬ್ಬಿ, ಅರ್ಧ ಲೀಟರ್ ನೀರಿನ ಬಾಟಲಿ ಕತ್ತರಿಸಿ ನಾನೇ ಮಾಡಿದ್ದು. ಗಾಳಿ ಜಾಸ್ತಿಯಾಗಿ ಒಗ್ಗರಣೆಗೆ ಹಾಕಿದ ಸಾಸಿವೆ ಥರ ಸಿಡಿದಾಡಿದವು, ಮೂರು ದಿನಕ್ಕೆ ಎಲ್ಲಕ್ಕೂ ಬೂಸ್ಟು. ಗಾಳಿ ಕಡಿಮೆ ಮಾಡಿದೆ, ಮೊಟ್ಟೆ ತಳಕ್ಕೆ ಕೂತವು, ಮತ್ತೆ ಬೂಸ್ಟು. ಬೂಸ್ಟು ತಡೆಯಲು ಮಿಥಿಲೀನ್ ಬ್ಲೂ ಹಾಕಿದೆ, ನನ್ನ ಬೆರಳು ನೀಲಿಯಾಗಿದ್ದೇ ಬಂತು. ಐದು ತಿಂಗಳಲ್ಲಿ ಸಿಕ್ಕಿದ್ದು ಏಳೇ ಏಳು ಮರಿ.

ಕೊನೆಗೆ ಟಂಬ್ಲರನ್ನು ಮೂಲೆಗೆಸೆದು 18 ದಿನ ತಾಯಿಯ ಬಾಯಲ್ಲೇ ಬಿಟ್ಟೆ. ಇಡೀ ದಿನ ಓಡಿಸಿದರೆ ಹೆದರಿ ಉಗಿದುಬಿಡುತ್ತದೆ, ಅದಕ್ಕೇ ಹಿಡಿಯುವುದು ರಾತ್ರಿ. ಲೈಟ್ ಆರಿಸಿ ಒಂದು ಗಂಟೆ ಬಿಟ್ಟು, ಸಣ್ಣ ಟಾರ್ಚ್, ಎರಡು ಬಲೆ. ಒದ್ದೆ ಕೈಯಲ್ಲಿ ಹಿಡಿದು ಕೆಳತುಟಿ ಮೆಲ್ಲಗೆ ಇಳಿಸಿ ತಲೆ ಕೆಳಗೆ ಮಾಡಿ ನೀರಲ್ಲಿ ಎರಡು ಸಲ ಆಡಿಸಿದರೆ ಮರಿಗಳು ತಾವೇ ಉದುರುತ್ತವೆ. ಹೊಟ್ಟೆಯ ಹಳದಿ ಚೀಲ ಆ ಹೊತ್ತಿಗೆ ಹೆಚ್ಚುಕಡಿಮೆ ಕರಗಿರುತ್ತದೆ. ಮೊದಲ ಸಲ 14, ಆಮೇಲೆ 19, ಒಂದು ಹಳೇ ಹೆಣ್ಣು ಒಮ್ಮೆ 26 ಕೊಟ್ಟಿತು. ತಾಯಿಯನ್ನು ನೇರ ವಾಪಸ್ ಬಿಡಬೇಡಿ. ಮೂರು ವಾರ ಉಪವಾಸ ಇದ್ದವಳು, ಗಂಡು ಅಟ್ಟಾಡಿಸಿ ಸಾಯಿಸುತ್ತದೆ. ನಾನೂ ಬಾಣಂತನ ಮಾಡಿಸುತ್ತೇನೆ, ಬೇರೆ ಟ್ಯಾಂಕಲ್ಲಿ ಹತ್ತು ದಿನ. ಮೊಟ್ಟೆ ಇಡಿಸಲು ನೀರು ಬದಲಿಸುವ ಹೊತ್ತು ಮತ್ತು ಕ್ರಮದಲ್ಲಿ ನಾನೊಂದು ಸಣ್ಣ ಕೈಚಳಕ ಮಾಡುತ್ತೇನೆ, ಅದು ಇಲ್ಲಿ ಬೇಡ, ಒಂದಿಷ್ಟು ನನಗೂ ಇರಲಿ.

ಪೀಕಾಕ್ ಕಥೆ ಕೇಳಿದರೆ ನಗುತ್ತೀರಿ. ಎರಡಿಂಚಿನ ಮೀನು, ಮೈತುಂಬ ನೀಲಿ, ಕೆಂಪು. ಒಂದಕ್ಕೆ 450ರಂತೆ ಆರು ತಂದೆ. ಆ ವಯಸ್ಸಿಗೆ ಅಷ್ಟು ಬಣ್ಣ ಇರಬಾರದು ಅಂತ ಗೊತ್ತಿದ್ದೂ ಕಣ್ಣು ಸೋತಿತು. ಎರಡು ತಿಂಗಳಲ್ಲಿ ಬಣ್ಣವೆಲ್ಲ ಇಳಿದು ಬೂದಿ ಬೂದಿ, ಹಾರ್ಮೋನ್ ಕೊಟ್ಟು ಮೆರುಗು ತರಿಸಿದ್ದವು. ಎರಡು ಮಾತ್ರ ನಿಜವಾದ ಗಂಡು. ಮುಂದಿನ ತಪ್ಪು ನನ್ನದೇ. ಎರಡು ಜಾತಿಯ ಪೀಕಾಕ್ ಒಟ್ಟಿಗೆ ಬಿಟ್ಟೆ. ಹೆಣ್ಣುಗಳೆಲ್ಲ ಒಂದೇ ಥರ ಕಾಣುತ್ತವೆ, ಯಾರು ಯಾರ ಜೊತೆ ಹೋದರೋ ದೇವರಿಗೇ ಗೊತ್ತು. ಬೆರಕೆ ಮರಿ 30 ಹುಟ್ಟಿದವು. ಮಾರಲಿಲ್ಲ, ಪರಿಚಯದವರ ಮಕ್ಕಳಿಗೆ ಕೊಟ್ಟೆ, ಮರಿ ಮಾಡಿಸಬೇಡಿ ಅಂತ ಹೇಳಿಯೇ ಕೊಟ್ಟೆ. ಈಗ ಒಂದು ಟ್ಯಾಂಕಿಗೆ ಒಂದೇ ಜಾತಿ.

2024ರ ಮಾರ್ಚ್ ಬೆಂಗಳೂರಿನವರು ಯಾರೂ ಮರೆಯುವುದಿಲ್ಲ. ನಮ್ಮ ಬೋರ್ ಕೈಕೊಟ್ಟಿತು. ಜನಕ್ಕೇ ನೀರಿಲ್ಲ, ಮೀನಿಗೆ ಯಾರು ಕೇಳುತ್ತಾರೆ? ನೀರು ಬದಲಾಯಿಸುವುದನ್ನು ಹದಿನೈದು ದಿನಕ್ಕೊಮ್ಮೆ ಮಾಡಿದೆ, ಊಟ ಅರ್ಧಕ್ಕಿಳಿಸಿದೆ. ಒಮ್ಮೆ ಟ್ಯಾಂಕರ್ ನೀರನ್ನು ಪರೀಕ್ಷೆ ಮಾಡದೆ ಹಾಕಿ ಸಂಜೆಯೊಳಗೆ ನಾಲ್ಕು ದೊಡ್ಡ ಹೆಣ್ಣು, ಮರಿ ಟ್ಯಾಂಕಲ್ಲಿ ಅರ್ಧಕ್ಕರ್ಧ ಕಳೆದುಕೊಂಡೆ. ಮೀನಿನ ಕಸದಿಂದ ನೀರಿಗೆ ಸೇರುವ ಅಮೋನಿಯಾ ಪಿಎಚ್ ಜಾಸ್ತಿ ಇರುವ ನೀರಲ್ಲಿ ಇನ್ನೂ ವಿಷ ಆಗುತ್ತದೆ, ಅದು ನಮ್ಮಂಥವರಿಗೆ ಇರುವ ದೊಡ್ಡ ತೊಂದರೆ. ಆ ವಾರ ಬಟ್ಟಲು ತುಂಬ ಸತ್ತ ಮರಿ ಎತ್ತಿ ತೆಂಗಿನ ಬುಡಕ್ಕೆ ಹಾಕಿದ್ದು ನೆನೆದರೆ ಈಗಲೂ ಬೇಜಾರು.

ಈಗ ಫೋಟೋ. ಇದಕ್ಕೆ ಕೈ ಹಾಕಿದ್ದೇ ಮಾರಾಟಕ್ಕೆ. ಮೊಬೈಲಲ್ಲಿ ತೆಗೆದರೆ ಎಲ್‌ಇಡಿ ಬೆಳಕಿಗೆ ಪಟ್ಟೆ ಪಟ್ಟೆ ಬರುತ್ತಿತ್ತು, ಹಳದಿ ಮೀನು ಹಸಿರಾಗಿ ಕಾಣುತ್ತಿತ್ತು, ನೋಡಿದವರು ಯಾರೂ ನಂಬಲಿಲ್ಲ. ಹಳೇ ನಿಕಾನ್ ಕ್ಯಾಮೆರಾ ಇತ್ತು. ಅದರ ಜೊತೆ ಬಂದ ಕಿಟ್ ಲೆನ್ಸಲ್ಲಿ ಆರು ತಿಂಗಳು ಗುದ್ದಾಡಿ ಕೊನೆಗೆ ಹತ್ತಿರದ ಚಿತ್ರಕ್ಕೆ ಅಂತ ಸೆಕೆಂಡ್ ಹ್ಯಾಂಡ್ ಟ್ಯಾಮ್ರಾನ್ 90 ಮ್ಯಾಕ್ರೋ ಲೆನ್ಸ್ ತಗೊಂಡೆ, 14 ಸಾವಿರ. ಮನೆಯಲ್ಲಿ 9 ಅಂತ ಹೇಳಿದ್ದೇನೆ. ಫ್ಲಾಶ್ ಮತ್ತು ಅದನ್ನು ದೂರದಿಂದ ಹೊತ್ತಿಸುವ ಟ್ರಿಗರ್ ಮೂರೂವರೆ ಸಾವಿರ.

ಲೆನ್ಸಿಗಿಂತ ಫ್ಲಾಶ್ ಎಲ್ಲಿದೆ ಅನ್ನೋದು ಮುಖ್ಯ. ಕ್ಯಾಮೆರಾ ಮೇಲಿದ್ದರೆ ಗಾಜಲ್ಲಿ ಬಿಳಿ ಚುಕ್ಕೆ, ಅಷ್ಟೇ. ಟ್ಯಾಂಕಿನ ಮುಚ್ಚಳದ ಗಾಜಿನ ಮೇಲೆ ಬೋರಲು ಮಲಗಿಸಿ, ಕೆಳಗೆ ಹಾಲಿನ ಬಣ್ಣದ ಪ್ಲಾಸ್ಟಿಕ್ ಶೀಟ್. ಸೆಟ್ಟಿಂಗ್ ಹೀಗೆ: ಫ್ಲಾಶ್ ಕಾಲು ಪವರ್, ಎಫ್ 9 ಅಥವಾ 11, ಶಟರ್ 1/160, ಐಎಸ್‌ಒ 200. ಕೋಣೆಯ ಲೈಟೆಲ್ಲ ಆರಿಸಿ, ಗಾಜಿಗೆ ನೇರವಾಗಿ ಹಿಡಿಯಬೇಕು, ಸ್ವಲ್ಪ ಓರೆಯಾದರೂ ಮೀನಿನ ಕಣ್ಣು ಎರಡಾಗುತ್ತದೆ. ತೆಗೆಯುವ 20 ನಿಮಿಷ ಮೊದಲು ಫಿಲ್ಟರ್ ನಿಲ್ಲಿಸುತ್ತೇನೆ, ಇಲ್ಲವಾದರೆ ತೇಲುವ ಕಸಕ್ಕೆಲ್ಲ ಫ್ಲಾಶ್ ಬಿದ್ದು ಹಿಮ ಸುರಿದ ಹಾಗೆ ಕಾಣುತ್ತದೆ. ಒಮ್ಮೆ ವಾಪಸ್ ಆನ್ ಮಾಡುವುದು ಮರೆತು ಮಲಗಿದ್ದೆ, ಏರ್ ಪಂಪ್ ಇದ್ದದ್ದಕ್ಕೆ ಬಚಾವ್. ಊಟ ಹಾಕದೆ ತೆಗೆಯಿರಿ, ಹಸಿದವು ಮುಂದೆ ಬರುತ್ತವೆ.

ಗಾಜಿನ ಮೇಲಿನ ಉಪ್ಪಿನ ಪೊರೆ ನಮ್ಮ ನೀರಿನ ಶಾಪ. ವಿನೆಗರ್ ಒಂದು ಗಂಟೆ ನೆನೆಸಿ ಹಳೇ ಎಟಿಎಂ ಕಾರ್ಡಲ್ಲಿ ಕೆರೆದರೆ ಹೋಗುತ್ತದೆ. ಬಿಳಿ ಮರಳಿದ್ದರೆ ಬೆಳಕು ಕೆಳಗಿನಿಂದ ಚಿಮ್ಮಿ ಹೊಟ್ಟೆ ಭಾಗ ಕಪ್ಪಾಗುವುದಿಲ್ಲ, ಆದರೆ ಮೀನು ಸ್ವಲ್ಪ ಪೇಲವ ಆಗುತ್ತದೆ. ಕಪ್ಪು ಮರಳಲ್ಲಿ ಬಣ್ಣ ಏರುತ್ತದೆ, ಹೊಟ್ಟೆ ಕತ್ತಲೆ. ನನ್ನ ಆಯ್ಕೆ ಬಿಳಿ. ಫೋಟೋಗೆಂದು ಬೇರೆ ಸಣ್ಣ ಟ್ಯಾಂಕ್ ಮಾಡಿಸಿ ಗಂಡು ಪೀಕಾಕನ್ನು ಅದಕ್ಕೆ ಬಿಟ್ಟಿದ್ದೆ, ಐದು ನಿಮಿಷದಲ್ಲಿ ಹೆದರಿ ಬೂದಿಯಾಯಿತು. 900 ರೂಪಾಯಿ ದಂಡ. ಈಗ ಅದರಲ್ಲಿ ಅಮ್ಮ ಕರಿಬೇವಿನ ಸಸಿ ಇಟ್ಟಿದ್ದಾರೆ. ಗಂಡು ರೆಕ್ಕೆ ಪೂರ್ತಿ ಬಿಚ್ಚಿ ನಿಂತಿರುವ ನನ್ನ ಫೋಟೋ ನೋಡಿ ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಕನ್ನಡಿ ತೋರಿಸಿ ಕೆಣಕಿದ್ದಲ್ಲ. ಅಷ್ಟೇ ಹೇಳುತ್ತೇನೆ.

ನಡುವೆ ಮಾಡಿದ ಹುಚ್ಚಾಟಗಳೂ ಇವೆ. ಬಣ್ಣ ಏರಲಿ ಅಂತ ಬ್ಯಾಡಗಿ ಮೆಣಸಿನಪುಡಿಯನ್ನು ಸ್ಪಿರುಲಿನಾ, ಬಟಾಣಿ ಜೊತೆ ಜೆಲಾಟಿನ್‌ನಲ್ಲಿ ಕಟ್ಟಿ ಕೊಟ್ಟೆ. ಬ್ಯಾಡಗಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ ಅಲ್ವಾ. ಮೀನು ತಿಂದವು, ಆರು ವಾರಕ್ಕೆ ಲ್ಯಾಬ್‌ಗಳು ನಿಂಬೆಯಿಂದ ಮಾವಿನ ಹಳದಿಗೆ ತಿರುಗಿದವು ಅಂತ ನನಗನ್ನಿಸಿತು, ಹೆಂಡತಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಟ್ಯಾಂಕಿನ ನೀರು ಮಾತ್ರ ಸಾರಿನ ಹಾಗಾಯಿತು. ಮಲ್ಪೆಗೆ ಹೋದಾಗ ಖಾಲಿ ಶಂಖ ಒಂದು ಚೀಲ ತಂದು ಕುದಿಸಿ ಒಣಗಿಸಿ ಎರಡಡಿ ಟ್ಯಾಂಕಿಗೆ ಹಾಕಿ, ಆಫ್ರಿಕಾದ ಟ್ಯಾಂಗನೀಕಾ ಸರೋವರದ ಮಲ್ಟಿ ಅನ್ನೋ ಮೀನು ಆರು ಬಿಟ್ಟೆ. ಇಂಚು ಉದ್ದದ ಮೀನು, ಒಂದೊಂದು ಶಂಖ ಒಂದೊಂದು ಮನೆ. ಅಕ್ವೇರಿಯಂ ಮೇಲೆ ದುಡ್ಡು ಸುರಿಯುವವರಿಗೆ ಹೇಳುತ್ತೇನೆ, ಇದಕ್ಕಿಂತ ಚೆಂದದ ಟ್ಯಾಂಕ್ ನಮ್ಮನೆಯಲ್ಲಿಲ್ಲ. ಇವಕ್ಕೆ ಬರೀ ಬೋರ್ ನೀರು, ಕಾವೇರಿ ಒಂದು ತೊಟ್ಟೂ ಇಲ್ಲ. ಟ್ಯಾಂಗನೀಕಾ ಮಲಾವಿಗಿಂತ ಗಡಸು ನೋಡಿ.

ಲೆಕ್ಕ ಕೇಳುತ್ತೀರಾ? ಲೆನ್ಸ್ ಸೇರಿ ಒಟ್ಟು ಖರ್ಚು 60 ಸಾವಿರ ದಾಟಿದೆ. ಒಂದೂವರೆ ಇಂಚಿನ ಲ್ಯಾಬ್ ಮರಿಗೆ ಅಂಗಡಿಯವರು 40 ಕೊಡುತ್ತಾರೆ, ಅದರಲ್ಲೂ ಅರ್ಧ ಫೀಡ್ ರೂಪದಲ್ಲಿ. ನೇರ ಕೊಳ್ಳುವವರು ಫೋಟೋ ನೋಡಿ 80ರವರೆಗೂ ಕೊಟ್ಟಿದ್ದಾರೆ. ಕೈಗೆ ಬಂದದ್ದು ಎಲ್ಲ ಸೇರಿ 18-19 ಸಾವಿರ ಇರಬಹುದು. ಕರೆಂಟ್ ಬಿಲ್ ಬೇರೆ. ಬೇಡ ಸಾರ್ ಅಂದಿದ್ದ ಅಂಗಡಿಯವರೇ ಈಗ ಫೋನ್ ಮಾಡಿ ಲ್ಯಾಬ್ ಇದೆಯಾ ಅಂತ ಕೇಳುತ್ತಾರೆ, ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ.

ಇವತ್ತಿಗೆ ಒಂದು ಪೀಕಾಕ್ ಹೆಣ್ಣು ಹೋಲ್ಡ್ ಮಾಡಿ 11ನೇ ದಿನ. ಮುಂದಿನ ಗುರುವಾರಕ್ಕೆ 18. ಆ ರಾತ್ರಿ ಟಾರ್ಚ್ ಹಿಡಿಯಲು ಡಿಸ್ಕಸ್ ಗೆಳೆಯನನ್ನೇ ಕರೆದಿದ್ದೇನೆ. ಬರುವಾಗ ರೇಜರ್ ತಾ ಅಂತಲೂ ಹೇಳಿದ್ದೇನೆ.